ಮರದ ಬಣ್ಣ ಬಳಿದ ಸಿಮೆಂಟು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ಇಂಥ ಕೆರೆಯ ಪಕ್ಷಿಧಾಮಕ್ಕೆ ಇಷ್ಟು ಲಕ್ಷ ಮಂಜೂರಾಯಿತು, ವೀಕ್ಷಣಾ ಗೋಪುರ ಕಟ್ಟುತ್ತಾರೆ, ನಡೆದಾಡಲು ದಾರಿ ಮಾಡುತ್ತಾರೆ, ಎಲ್ಲವೂ ‘ಪರಿಸರಸ್ನೇಹಿ’ ಅಂತ. ಜೊತೆಗೆ ಒಂದು ಕಂಪ್ಯೂಟರ್ ಚಿತ್ರ. ಚಿತ್ರದಲ್ಲಿ ಕಂಬ, ಕಟಕಟೆ, ಮಾಡು ಎಲ್ಲವೂ ಮರದ್ದು. ಎರಡು ವರ್ಷ ಬಿಟ್ಟು ಹೋಗಿ ನೋಡಿದರೆ ಎಲ್ಲವೂ ಸಿಮೆಂಟು. ಮೇಲೆ ಕಂದು ಬಣ್ಣ.

ಈ ಕಂದು ಬಣ್ಣದ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ. ನಾನು ಮೂವತ್ತೊಂದು ವರ್ಷ ಐಟಿಐಯಲ್ಲಿ ಬಡಗಿ ಕೆಲಸ ಕಲಿಸಿದವನು. ಅದಕ್ಕೂ ಮೊದಲು ಅಪ್ಪನ ಜೊತೆ ಸಾಗರದ ಸುತ್ತಮುತ್ತ ಮನೆ ಕೆಲಸ ಮಾಡಿಕೊಂಡಿದ್ದವನು. ಸಿಮೆಂಟಿನ ಕಂಬಕ್ಕೆ ತೊಗಟೆ ಬರೆದು, ಗಂಟು ಬರೆದು ನಿಲ್ಲಿಸಿದ್ದನ್ನು ಕಂಡರೆ ಯಾರೋ ನನ್ನನ್ನೇ ಅಣಕಿಸಿದ ಹಾಗಾಗುತ್ತದೆ. ನಮ್ಮ ಕಡೆಯ ಒಂದು ಕೆರೆಯಲ್ಲಿ (ಹೆಸರು ಬೇಡ) ಆ ಗಂಟುಗಳನ್ನು ಕೂತು ಎಣಿಸಿದ್ದೇನೆ. ಕಂಬಕ್ಕೆ ಮೂರು. ಎಲ್ಲ ಕಂಬಕ್ಕೂ ಮೂರೇ, ಅದೂ ಒಂದೇ ಜಾಗದಲ್ಲಿ. ಯಾವ ಮರ ಹಾಗೆ ಬೆಳೆಯುತ್ತದೆ ಹೇಳಿ.

ಆದರೆ ಆ ಸಿಮೆಂಟು ಅಲ್ಲಿಗೆ ಬಂದದ್ದರಲ್ಲಿ ನನ್ನ ಪಾಲೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ಅದೇ ಕೆರೆಯಲ್ಲಿ ಮರದ್ದೇ ಕಾಲುದಾರಿ ಇತ್ತು. ದಂಡೆಯಿಂದ ಹೊರಟು ಜೊಂಡಿನ ನಡುವೆ ಅರವತ್ತು ಹೆಜ್ಜೆ, ತುದಿಯಲ್ಲಿ ಕೂತು ಹಕ್ಕಿ ನೋಡಲು ಒಂದು ಪುಟ್ಟ ಮರೆ. ಗುತ್ತಿಗೆ ಹಿಡಿದವನು ನನ್ನ ಹಳೆಯ ವಿದ್ಯಾರ್ಥಿ. “ಸರ್, ಒಂದ್ಸಲ ಬಂದು ನೋಡಿ” ಅಂದ. ಹೋದೆ. ಎಸ್ಟಿಮೇಟಿನಲ್ಲಿ ‘ಕಾಡುಮರ’ ಅಂತ ಬರೆದಿತ್ತು. ಅಂದರೆ ಯಾವ ಮರ ತಂದರೂ ನಡೆಯುತ್ತದೆ. ಬಂದ ದಿಮ್ಮಿಗಳಲ್ಲಿ ಅರ್ಧಕ್ಕರ್ಧ ಹಸಿ. ನಡುವಿನ ಗಟ್ಟಿ ಭಾಗ, ಅಂದರೆ ಚೇಗು ಕಡಿಮೆ, ಸುತ್ತಲಿನ ಬೇಗ ಕೊಳೆಯುವ ಬಿಳಿ ಭಾಗ ಜಾಸ್ತಿ. ವಾಪಸ್ ಕಳಿಸು ಅಂತ ಹೇಳಬೇಕಿತ್ತು. ಮಾರ್ಚ್ ಮುಗಿಯುವುದರೊಳಗೆ ಬಿಲ್ ಆಗಬೇಕು ಅಂತ ಅವನು ಒದ್ದಾಡುತ್ತಿದ್ದ. ನಾನು ಸುಮ್ಮನಿದ್ದೆ.

ಅದಕ್ಕಿಂತ ದೊಡ್ಡ ತಪ್ಪು ಕಂಬದ ಬುಡದಲ್ಲಾಯಿತು. ಗಟ್ಟಿಯಾಗಿ ನಿಲ್ಲಲಿ ಅಂತ ಕಂಬಗಳನ್ನು ಸಿಮೆಂಟಿನ ಗುಂಡಿಯೊಳಗೆ ಹೂತರು. ಆ ಸಲಹೆ ಕೊಟ್ಟವನು ನಾನೇ. ಹಸಿ ಮರ ಒಣಗಿದಾಗ ಕುಗ್ಗುತ್ತದೆ. ಕುಗ್ಗಿದರೆ ಮರಕ್ಕೂ ಸಿಮೆಂಟಿಗೂ ನಡುವೆ ನೂಲು ಹೋಗುವಷ್ಟು ಸಂದು ಬೀಳುತ್ತದೆ. ಆ ಸಂದಿಗೆ ಮಳೆನೀರು ಇಳಿಯುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಲೋಟದ ನೀರಿನಲ್ಲಿ ಕಡ್ಡಿ ನಿಲ್ಲಿಸಿದ ಹಾಗೆ. ಮೂರನೇ ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನಿಂದ ನೋಡಲು ಕಂಬ ಚೆನ್ನಾಗಿಯೇ ಇತ್ತು. ಬುಡಕ್ಕೆ ಸ್ಕೂಟರ್ ಕೀ ಚುಚ್ಚಿದೆ. ನೆನೆಸಿದ ಬ್ರೆಡ್ಡಿಗೆ ಹೋದ ಹಾಗೆ ಒಳಗೆ ಹೋಯಿತು. ಅದೇ ತಿಂಗಳು ಶಾಲೆ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಮೇಷ್ಟ್ರೊಬ್ಬರ ಕಾಲು ಹಲಗೆ ಮುರಿದು ಮೊಣಕಾಲಿನವರೆಗೆ ಕೆಳಗಿಳಿಯಿತು. ಪುಣ್ಯಕ್ಕೆ ತರಚು ಗಾಯ ಮಾತ್ರ. ಮಕ್ಕಳಲ್ಲಿ ಯಾರಾದರೂ ಆಗಿದ್ದರೆ?

ಮರ ಬಾಳಿಕೆ ಬರಲ್ಲ ಅಂತ ತೀರ್ಮಾನವಾಯಿತು. ಜಲ್ಲಿ ಲಾರಿ ಬಂತು, ಮಿಕ್ಸರ್ ಬಂತು. ದಂಡೆಯ ಎರಡು ಮರಗಳ ಬೇರು ಕಡಿದು ಪಾಯ ತೆಗೆದರು. ಮಿಕ್ಸರ್ ತೊಳೆದ ನೀರು ಕೆರೆಗೇ ಹೋಯಿತು. ಆ ಎರಡು ಮರಗಳಲ್ಲಿ ಪ್ರತಿ ಮಳೆಗಾಲ ಬೆಳ್ಳಕ್ಕಿ ಗೂಡು ಇರುತ್ತಿದ್ದವು. ಮುಂದಿನ ಎರಡು ವರ್ಷ ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ. ಅದಕ್ಕೆ ಇದೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ನಾನು ಮರದ ಮೇಷ್ಟ್ರು, ಹಕ್ಕಿ ಮೇಷ್ಟ್ರಲ್ಲ.

ಆದರೆ ಮರ ಬಾಳಲ್ಲ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ಹಾಗನ್ನುವವರು ಏಪ್ರಿಲ್-ಮೇನಲ್ಲಿ ಒಮ್ಮೆ ಲಿಂಗನಮಕ್ಕಿ ಹಿನ್ನೀರಿನ ಕಡೆ ಬರಲಿ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಆಗ ಮುಳುಗಿದ ಕಾಡಿನ ಬೊಡ್ಡೆಗಳು ನೀರು ಇಳಿದಾಗ ಇವತ್ತಿಗೂ ಎದ್ದು ನಿಲ್ಲುತ್ತವೆ. ಅಪ್ಪನ ಹಳೆಯ ಊರೂ ಅದೇ ನೀರಿನಡಿ ಇದೆ. ಅದು ಬೇರೆ ಕಥೆ, ಈ ಪತ್ರದಲ್ಲಿ ಬೇಡ. ಬೊಡ್ಡೆಯನ್ನು ಮುಟ್ಟಿ ನೋಡಿ. ತೊಗಟೆ ಇಲ್ಲ, ಬಿಳಿ ಭಾಗ ಇಲ್ಲ, ಎಲ್ಲ ಕರಗಿ ಹೋಗಿದೆ. ಉಳಿದಿರುವುದು ಚೇಗು ಮಾತ್ರ. ಉಳಿ ಇಟ್ಟು ಹೊಡೆದರೆ ಟಣ್ ಅನ್ನುತ್ತದೆ. ಅರವತ್ತು ವರ್ಷ ನೀರು ಬಿಸಿಲು ಎರಡನ್ನೂ ತಿಂದ ಮರ ಅದು. ನಮ್ಮ ಹಿತ್ತಲ ಬಾವಿಯದ್ದೂ ಇದೇ ಮಾತು. ನೀರು ಸಿಹಿಯಾಗಲಿ ಅಂತ ಅಜ್ಜನ ಕಾಲದಲ್ಲಿ ತಳಕ್ಕೆ ನೆಲ್ಲಿ ಮರದ ತುಂಡು ಹಾಕಿದ್ದರಂತೆ. ಹೂಳೆತ್ತುವಾಗ ಅದು ಸಿಕ್ಕಿತು. ಕಪ್ಪಾಗಿತ್ತು, ಆದರೆ ಗರಗಸಕ್ಕೆ ಬಗ್ಗಲಿಲ್ಲ.

ಪೂರ್ತಿ ನೀರಲ್ಲೇ ಇದ್ದರೆ ಮರ ಬಾಳುತ್ತದೆ. ಪೂರ್ತಿ ಒಣಗಿದ್ದರೂ ಬಾಳುತ್ತದೆ. ಇವತ್ತು ಒದ್ದೆ ನಾಳೆ ಒಣ, ಮತ್ತೆ ಒದ್ದೆ ಅನ್ನುವ ಕಡೆ ಬೂಷ್ಟು ಹಿಡಿದು ಕೊಳೆಯುತ್ತದೆ, ಚೇಗಿಲ್ಲದ್ದಂತೂ ಬಹಳ ಬೇಗ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಮಲೆನಾಡಿನ ಯಾವ ಹಳೆ ಮನೆಗೆ ಬೇಕಾದರೂ ಹೋಗಿ, ಜಗುಲಿಯ ಕಂಬ ಮಣ್ಣಿಗೆ ತಾಗಿರುವುದಿಲ್ಲ. ಕೆಳಗೆ ಕಲ್ಲಿನ ಪೀಠ, ಅದರ ಮೇಲೆ ಕಂಬ. ಅಪ್ಪ ನನ್ನ ಕೈಯಲ್ಲಿ ಎಷ್ಟು ಪೀಠ ಹೊರಿಸಿದ್ದಾರೋ ಲೆಕ್ಕವಿಲ್ಲ. ಅಂಥವನು ಕೆರೆಯಲ್ಲಿ ಕಂಬವನ್ನು ಸಿಮೆಂಟಿಗೆ ಹೂಳು ಅಂದೆ ನೋಡಿ!

ಇದೆಲ್ಲ ಮರೆತೇ ಹೋಗುತ್ತಿತ್ತು. ಕಳೆದ ವರ್ಷ ಇಂಗ್ಲೆಂಡಿಗೆ ಹೋಗಿದ್ದು ಮತ್ತೆ ನೆನಪಿಸಿತು. ಮಗಳು ಲ್ಯಾಂಕಷೈರಿನ ಪ್ರೆಸ್ಟನ್ನಿನಲ್ಲಿ ನರ್ಸ್. ಬಾಣಂತನಕ್ಕೆ ಅಂತ ನಾವಿಬ್ಬರೂ ಹೋಗಿ ಮೂರು ತಿಂಗಳಿದ್ದೆವು. ಅಡುಗೆ, ಮಗು ಎಲ್ಲ ಹೆಂಡತಿಯ ಪಾಲಿಗೆ. ನನಗೆ ಉಳಿದದ್ದು ಒಂಬತ್ತು ವರ್ಷದ ದೊಡ್ಡ ಮೊಮ್ಮಗನನ್ನು ಸುತ್ತಾಡಿಸುವುದು. ಅವನಿಗೆ ಹಕ್ಕಿ ಹುಚ್ಚು. ಒಂದು ಶನಿವಾರ ಬ್ರಾಕ್‌ಹೋಲ್ಸ್ ಅನ್ನುವ ಜಾಗಕ್ಕೆ ಎಳೆದುಕೊಂಡು ಹೋದ.

ಜಾಗ ಊರಿಗೆ ಹತ್ತಿರವೇ. ರಿಬ್ಬಲ್ ನದಿಯ ಪಕ್ಕ, ಎಂ6 ಹೆದ್ದಾರಿಗೆ ತಾಗಿಕೊಂಡಂತೆ. ಮೊದಲು ಅದು ಮರಳು ಜಲ್ಲಿ ತೆಗೆಯುವ ಕ್ವಾರಿ ಆಗಿತ್ತು. ಆ ಹೆದ್ದಾರಿಗೂ ಅಲ್ಲಿಂದಲೇ ಜಲ್ಲಿ ಹೋಗಿತ್ತಂತೆ. ಕ್ವಾರಿ ನಿಂತ ಮೇಲೆ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾದವು, ಜೊಂಡು ಬೆಳೆಯಿತು, ಹಕ್ಕಿ ಬಂದವು. ಈಗ ಲ್ಯಾಂಕಷೈರಿನ ವನ್ಯಜೀವಿ ಟ್ರಸ್ಟ್ ನೋಡಿಕೊಳ್ಳುತ್ತದೆ. ನೋಡಲು ಬರುವವರಿಗೆ ಅಂತ 2011ರಲ್ಲಿ ಕಟ್ಟಡ ಮಾಡಿದರು. ಆಡಂ ಖಾನ್ ಅನ್ನುವ ವಾಸ್ತುಶಿಲ್ಪಿಯ ಕಚೇರಿಯ ವಿನ್ಯಾಸ. ಕಟ್ಟಡ ದಂಡೆಯ ಮೇಲಿಲ್ಲ, ನೀರಿನ ಮೇಲೆ ತೇಲುತ್ತದೆ.

ತೇಲುವುದು ಅಂದರೆ ನಿಜವಾಗಿ ತೇಲುವುದೇ. ತೆಪ್ಪೋತ್ಸವದ ತೆಪ್ಪ ನೆನಪು ಮಾಡಿಕೊಳ್ಳಿ. ಅಡಿಯಲ್ಲಿ ಟೊಳ್ಳು ಸಿಮೆಂಟಿನ ದೊಡ್ಡ ತೆಪ್ಪ, ಅದರ ಮೇಲೆ ನಾಲ್ಕೈದು ಮನೆಗಳ ಪುಟ್ಟ ಕೇರಿಯ ಹಾಗೆ ಕಟ್ಟಡಗಳು, ಸುತ್ತ ಜೊಂಡು. ಅಲ್ಲಾಡಿ ದೂರ ಹೋಗದ ಹಾಗೆ ಉಕ್ಕಿನ ಕಂಬಗಳು ಹಿಡಿದುಕೊಂಡಿವೆ. ನದಿ ಉಕ್ಕಿ ನೀರು ಏರಿದರೆ ಇಡೀ ಕೇರಿ ಏರುತ್ತದೆ, ಇಳಿದರೆ ಇಳಿಯುತ್ತದೆ. ಮಾಡುಗಳೋ, ಕಡಿದಾಗಿ ಮೇಲಕ್ಕೆದ್ದ ದೊಡ್ಡ ಮಾಡುಗಳು. ಹೊದಿಕೆ ಓಕ್ ಮರದ ಸೀಳು ಹಲಗೆ. ನಮ್ಮಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಬಣ್ಣ ಬಳಿದಿಲ್ಲ. ಬಿಸಿಲು ಮಳೆಗೆ ಬೂದಿ ಬಣ್ಣಕ್ಕೆ ತಿರುಗಿ, ದೂರದಿಂದ ನೋಡಿದರೆ ಒಣ ಜೊಂಡಿನ ಮೆದೆಗಳೇನೋ ಅನ್ನಿಸುತ್ತದೆ. ನಾಮದ ಕೋಳಿಗಳು ಗೋಡೆಯ ಪಕ್ಕದಲ್ಲೇ ಮರಿಗಳ ಜೊತೆ ಈಜುತ್ತಿದ್ದವು. ನಮ್ಮ ಕೆರೆಯಲ್ಲಿರುವ ಅದೇ ನಾಮದ ಕೋಳಿ, ಅದೇ ಬಿಳಿ ನಾಮ. ಅಷ್ಟು ದೂರ ಹೋಗಿ ಗುರುತಿನವರು ಸಿಕ್ಕ ಹಾಗಾಯಿತು.

ಗಮನಿಸಿ, ಅಡಿಯ ತೆಪ್ಪ ಸಿಮೆಂಟಿನದೇ. ಸಿಮೆಂಟು ಮುಟ್ಟಲೇಬಾರದು ಅಂತ ನಾನು ಹೇಳುತ್ತಿಲ್ಲ. ಎಲ್ಲಿ ಬೇಕೋ ಅಲ್ಲಿ ಇರಲಿ, ಸಿಮೆಂಟಾಗಿಯೇ ಇರಲಿ. ಮರದ ವೇಷ ಯಾಕೆ?

ಆದರೆ ನಾನು ಕಲಿತದ್ದು ಆ ದೊಡ್ಡ ಕಟ್ಟಡದಿಂದ ಅಲ್ಲ. ಮರುವಾರ ಮಗಳ ಮನೆಯ ಹತ್ತಿರದ ಒಂದು ಪುಟ್ಟ ಜೌಗಿಗೆ ಹೋಗಿದ್ದೆವು. ಅಲ್ಲಿ ಕಟ್ಟಡವೇ ಇಲ್ಲ. ಕೆಸರಿನ ಮೇಲೆ ಹಲಗೆ ದಾರಿ, ಅಷ್ಟೇ. ನಾನು ಮಂಡಿಯೂರಿ ಕೂತೆ. ಹಲಗೆಗಳ ನಡುವಿನ ಸಂದು ನೋಡೋಣ ಅಂತ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ತೂರಿಸಿದೆ. ಸರಿಯಾಗಿ ಹಿಡಿಸಿತು. ಕೈ ಬಿಟ್ಟೆ ನೋಡಿ, ಕೆಳಗೆ ಹೋಯಿತು. “ಅಜ್ಜ, ಕಸ ಹಾಕಿದೆ ನೀನು!” ಅಂತ ಮೊಮ್ಮಗ ಕೂಗಿಕೊಂಡ. ಆ ಊರಲ್ಲಿ ಮಕ್ಕಳು ಇದಕ್ಕೆಲ್ಲ ಭಾರಿ ಕಟ್ಟುನಿಟ್ಟು. ಹಲಗೆ ಮೇಲೆ ಹೊಟ್ಟೆ ಊರಿ, ಕೈ ಇಳಿಬಿಟ್ಟು ಹುಡುಕಿದೆ. ಪೆನ್ಸಿಲ್ ಸಿಗಲಿಲ್ಲ. ಆದರೆ ತಲೆಕೆಳಗಾಗಿ ನೋಡಬೇಕಾದ್ದೆಲ್ಲ ನೋಡಿದೆ.

ಹಲಗೆಗೆ ಮೊಳೆ ಹೊಡೆದಿರಲಿಲ್ಲ, ತಿರುಪು ಹಾಕಿದ್ದರು, ತುಕ್ಕು ಹಿಡಿಯದ ಉಕ್ಕಿನದು. ಅಡ್ಡ ತೊಲೆಯ ಮೇಲ್ಮೈ ಚಪ್ಪಟೆ ಇರಲಿಲ್ಲ, ನೀರು ನಿಲ್ಲದಂತೆ ಎರಡೂ ಕಡೆ ಚೂರು ಇಳಿಜಾರು ಕೆತ್ತಿದ್ದರು. ಹಲಗೆಗಳ ಕೊಯ್ದ ತುದಿ ಎಲ್ಲೂ ಒಂದಕ್ಕೊಂದು ಒತ್ತಿಕೊಂಡಿರಲಿಲ್ಲ. ಮರ ನೀರು ಕುಡಿಯುವುದು ಆ ತುದಿಯಿಂದಲೇ, ಸ್ಟ್ರಾ ಹಾಕಿ ಎಳೆದ ಹಾಗೆ. ಜಾರದಿರಲಿ ಅಂತ ಮೇಲೆ ಕೋಳಿಗೂಡಿನ ತಂತಿ ಬಲೆ ಹೊಡೆದಿದ್ದರು. ನಮ್ಮ ಜುಲೈ ಪಾಚಿಗೆ ಇದಕ್ಕಿಂತ ಅಗ್ಗದ ಉಪಾಯ ನನಗಂತೂ ಗೊತ್ತಿಲ್ಲ. ಸಂದಿನಿಂದ ಬೆಳಕು ಇಳಿಯುತ್ತಿತ್ತು, ಕೆಳಗೆ ಹುಲ್ಲು ಹಸಿರಾಗಿತ್ತು. ಮತ್ತೆ, ಬೂದಿ ಬಣ್ಣದ ಹಳೆ ಹಲಗೆಗಳ ನಡುವೆ ಅಲ್ಲೊಂದು ಇಲ್ಲೊಂದು ಹೊಸದು. ಮೊಮ್ಮಗನ ಬಾಯಲ್ಲಿ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿತ್ತಲ್ಲ, ಹಾಗೆಯೇ.

ಸಂಪಾದಕರೇ, ಈ ಹೊಸ ಹಲಗೆಗಾಗಿಯೇ ನಾನು ಪತ್ರ ಬರೆಯುತ್ತಿರುವುದು. ಯಾರೋ ವರ್ಷಕ್ಕೊಮ್ಮೆ ಬಂದು, ಕುಟ್ಟಿ ನೋಡಿ, ಕೆಟ್ಟಿದ್ದನ್ನು ಮಾತ್ರ ಬಿಚ್ಚಿ ಬೇರೆ ಹಾಕುತ್ತಾರೆ. ನಮ್ಮ ಟೆಂಡರಿನಲ್ಲಿ ಕಟ್ಟುವುದಕ್ಕೆ ದುಡ್ಡು ಇರುತ್ತದೆ, ಉದ್ಘಾಟನೆಯ ಶಾಮಿಯಾನಕ್ಕೂ ಇರುತ್ತದೆ. ಮೂರನೇ ವರ್ಷ ಹತ್ತು ಹಲಗೆ ಬದಲಿಸಲು ಇರುವುದಿಲ್ಲ. ರಿಪೇರಿ ಮಾಡಲಾಗದೆ ಬಿಟ್ಟ ಮರ ಕೊಳೆಯುತ್ತದೆ. ಕೊಳೆತರೆ ಸಿಮೆಂಟು ಬರುತ್ತದೆ.

ಇದು ನಮಗೆ ಹೊಸ ವಿಷಯವಾ? ಮಲೆನಾಡಿನಲ್ಲಿ ಮಳೆಗೆ ಮುಂಚೆ ಹೆಂಚು ಕೈಯಾಡಿಸದ ಮನೆ ಇತ್ತಾ? ಸೋಗೆ ಮನೆಗೆ ಪ್ರತಿ ವರ್ಷ ಹೊಸ ಸೋಗೆ. ಹಳ್ಳಕ್ಕೆ ಕಾಲುಸಂಕ, ಅಡಿಕೆ ಮರವೋ ಕಾಡುಮರವೋ ಹಾಕಿ ಊರವರೇ ವರ್ಷವರ್ಷ ಕಟ್ಟುತ್ತಿದ್ದರು. ಕಾಲುಸಂಕವನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಶಾಲೆಗೆ ಹೋಗುವ ಮಕ್ಕಳು ಅದರ ಮೇಲೆ ಜಾರುವುದನ್ನು ಕಂಡವನು ನಾನು, ಅಂಥ ಹಳ್ಳಗಳಿಗೆ ಗಟ್ಟಿ ಸೇತುವೆಯೇ ಬೇಕು. ನಾನು ಹೇಳುತ್ತಿರುವುದು ಆ ಅಭ್ಯಾಸದ ಬಗ್ಗೆ. ಮರದ ಕೆಲಸ ಅಂದರೆ ಒಮ್ಮೆ ಕಟ್ಟಿ ಕೈ ತೊಳೆದುಕೊಳ್ಳುವುದಲ್ಲ ಅನ್ನುವುದು ಆಗ ಎಲ್ಲರಿಗೂ ಗೊತ್ತಿತ್ತು.

ಇಂಗ್ಲೆಂಡಿನದನ್ನು ತಂದು ಇಲ್ಲಿ ನೆಟ್ಟರೆ ಆಗುವುದಿಲ್ಲ, ಅದೂ ಗೊತ್ತು. ಅಲ್ಲಿ ನಮ್ಮ ಗೆದ್ದಲು ಇಲ್ಲ. ನಮ್ಮ ಬಿಸಿಲೂ ಇಲ್ಲ, ಆಗುಂಬೆಯ ಮಳೆಯೂ ಇಲ್ಲ. ಓಕ್ ನಮಗೆ ಬೇಕಾಗಿಯೂ ಇಲ್ಲ. ನಮ್ಮಲ್ಲಿ ಅಕೇಶಿಯಾ ಇದೆಯಲ್ಲ! ಮಲೆನಾಡು, ಕರಾವಳಿಯ ಗುಡ್ಡಗಳ ತುಂಬ ಅದನ್ನೇ ನೆಟ್ಟು ಬೈಸಿಕೊಂಡಿದ್ದಾಯಿತು. ಬೈದವರಲ್ಲಿ ನಾನೂ ಒಬ್ಬ. ಆದರೆ ಬೆಳೆದು ನಿಂತಿರುವ ಮರವನ್ನು ಸೌದೆ ಮಾಡುವ ಬದಲು, ಬಲಿತದ್ದನ್ನು ಆರಿಸಿ, ಚೇಗು ಮಾತ್ರ ಕೊಯ್ದು, ಚೆನ್ನಾಗಿ ಒಣಗಿಸಿ ಹಲಗೆ ಮಾಡಬಹುದು. ನಮ್ಮ ಮನೆಯ ಹಿಂದಿನ ಬಾಗಿಲು ಅಕೇಶಿಯಾದ್ದೇ. ಹದಿನಾರು ವರ್ಷ ಆಯಿತು, ಎರಚಲು ಹೊಡೆಯುವ ಕಡೆಯೇ ಇದೆ. ಯಾವ ಮರ ಎಲ್ಲಿಗೆ ಅಂತ ಅನುಮಾನ ಬಂದರೆ ಕೇಳಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ. ಎಸ್ಟಿಮೇಟಿನಲ್ಲಿ ‘ಕಾಡುಮರ’ ಅಂತ ಬರೆಯುವುದನ್ನು ಮೊದಲು ಬಿಡಬೇಕು. ಮರದ ಹೆಸರು ಬರೆಯಿರಿ. ಚೇಗು ಅಂತ ಬರೆಯಿರಿ. ಒಣಗಿರಬೇಕು ಅಂತ ಬರೆಯಿರಿ.

ಇನ್ನೊಂದು ಮಾತು, ಔಷಧಿಯದು. ಮರ ಕೊಳೆಯದಿರಲಿ ಅಂತ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ದ್ರಾವಣ ಕುಡಿಸುವ ಪದ್ಧತಿ ಇದೆ. ಮರ ಹಸಿರು ಬಣ್ಣಕ್ಕೆ ತಿರುಗುತ್ತದೆ. ಗಟ್ಟಿ ಬಾಳಿಕೆ, ಅನುಮಾನವೇ ಇಲ್ಲ. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲೇ ಮನೆ ಬಳಕೆಯ ಮರಕ್ಕೆ ಅದನ್ನು ಹಾಕುವುದನ್ನು 2003ರ ಕೊನೆಗೆ ನಿಲ್ಲಿಸಿದರು. ಮೀನು, ಹಕ್ಕಿ ಇರುವ ನೀರಿನಲ್ಲಿ ಅದನ್ನು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ಚೇಗು ಬಳಸಿ, ಬುಡಕ್ಕೆ ಕಲ್ಲೋ ಉಕ್ಕಿನ ಪಾದವೋ ಕೊಟ್ಟು ಎತ್ತಿ ನಿಲ್ಲಿಸಿದರೆ ಅರ್ಧ ಔಷಧಿ ಬೇಕಾಗುವುದೇ ಇಲ್ಲ.

ನೀರಿನ ಅಂಚಿಗೆ ಶಾಶ್ವತವಾಗಿ ಕಟ್ಟಬಾರದು ಅಂತ ಕಾನೂನು ಕೂಡ ಹೇಳುತ್ತದೆ ಅನ್ನುವುದು ನನಗೆ ಈಚೆಗೆ ಗೊತ್ತಾಯಿತು. ರಾಮ್ಸರ್ ಪಟ್ಟಿಯ (ಅಂತಾರಾಷ್ಟ್ರೀಯ ಮಹತ್ವದ್ದು ಅಂತ ಗುರುತಿಸಿದ) ಜೌಗು ನೆಲಗಳಿಗೆ ಮತ್ತು ಸರ್ಕಾರ ಅಧಿಸೂಚನೆ ಹೊರಡಿಸಿದವುಗಳಿಗೆ 2017ರ ನಿಯಮ ಒಂದಿದೆ. ನೀರು ಏರುವ ಸರಾಸರಿ ಮಟ್ಟದಿಂದ 50 ಮೀಟರ್ ಒಳಗೆ ದೋಣಿ ಕಟ್ಟೆ ಬಿಟ್ಟರೆ ಶಾಶ್ವತ ಕಟ್ಟಡ ಕೂಡದು. ಪಕ್ಷಿಧಾಮ, ಮೀಸಲು ಅರಣ್ಯಗಳಿಗೆ ಬೇರೆ ಕಾನೂನುಗಳಿವೆ, ಅವೂ ಸಡಿಲವೇನಲ್ಲ. ನಮ್ಮ ರಾಜ್ಯದ ರಂಗನತಿಟ್ಟು 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. 2024ರಲ್ಲಿ ಅಂಕಸಮುದ್ರ, ಮಾಗಡಿ ಕೆರೆ, ಅಘನಾಶಿನಿ ಅಳಿವೆ ಸೇರಿದವು. ಹೆಸರು ಬಂದ ಮೇಲೆ ಜನ ಬರುತ್ತಾರೆ. ಜನ ಬಂದರೆ ಶೌಚಾಲಯ, ನೆರಳು, ಕೂರಲು ಬೆಂಚು ಬೇಕೇ ಬೇಕು. ನನ್ನ ಹೆಂಡತಿಯ ಮಂಡಿನೋವಿನ ಜೊತೆ ಊರೂರು ತಿರುಗಿದವನಿಗೆ ಬೆಂಚಿನ ಬೆಲೆ ಗೊತ್ತು. ಶೌಚಾಲಯ ಗೇಟಿನ ಹತ್ತಿರ, ಗಟ್ಟಿ ನೆಲದಲ್ಲಿ, ಇಟ್ಟಿಗೆಯಲ್ಲೇ ಕಟ್ಟಲಿ. ನೀರಿನ ಹತ್ತಿರ ಬೇಕಾದದ್ದು ಮಾತ್ರ ಮರದ್ದಿರಲಿ. ಬೇರೆ ಕಡೆ ಕೊಯ್ದು ಜೋಡಿಸಿ ನೋಡಿ, ಬಿಚ್ಚಿ, ಗೂಡು ಕಟ್ಟುವ ಕಾಲ ಮುಗಿದ ಮೇಲೆ ತಂದು ಬೋಲ್ಟ್ ಹಾಕಿದರೆ ನಾಲ್ಕು ದಿನದ ಕೆಲಸ. ಮಿಕ್ಸರ್ ಬೇಡ, ಪಾಯ ಬೇಡ. ರಂಗನತಿಟ್ಟಿನಂಥ ಕಡೆ ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಟ್ಟಾಗ ದೋಣಿಯೇ ನಿಲ್ಲುತ್ತದೆ, ನಡುಗಡ್ಡೆಗಳು ಮುಳುಗುತ್ತವೆ. ಅಂಥ ಜಾಗದಲ್ಲಿ ಬಿಚ್ಚಿ ಎತ್ತಿಡಲು ಬರುವಂಥದ್ದೇ ಒಳ್ಳೆಯದು.

ಗೋಪುರವಂತೂ ದಯವಿಟ್ಟು ಬೇಡ. ಗೋಪುರದ ಮೇಲೆ ನಿಂತ ಮನುಷ್ಯ ಆಕಾಶದ ಎದುರು ಕರ್ರಗೆ ಕಾಣುತ್ತಾನೆ, ಕೈ ಬೀಸಿದರೆ ಕೆರೆಯ ಆಚೆ ದಡಕ್ಕೂ ಗೊತ್ತಾಗುತ್ತದೆ. ಅದರ ಬದಲು ತಗ್ಗಿನಲ್ಲಿ, ಆಳೆತ್ತರದ ಬಿದಿರಿನ ತಟ್ಟಿ ಕಟ್ಟಿ, ಕೂತವರ ಕಣ್ಣಿಗೊಂದು, ಮಕ್ಕಳ ಎತ್ತರಕ್ಕೊಂದು ಕಿಂಡಿ ಬಿಡಿ. ಮೊಮ್ಮಗ ಇಂಗ್ಲೆಂಡಿನಲ್ಲಿ ಅಂಥ ಕಿಂಡಿಗೆ ಮೂಗು ಒತ್ತಿ ಮುಕ್ಕಾಲು ಗಂಟೆ ಕೂತಿದ್ದ. ಮನೆಯಲ್ಲಿ ಊಟಕ್ಕೆ ಐದು ನಿಮಿಷ ಕೂರದ ಹುಡುಗ.

ಪತ್ರ ಉದ್ದ ಆಯಿತು, ಕತ್ತರಿ ನಿಮ್ಮ ಕೈಯಲ್ಲಿದೆ. ಔಷಧಿಯ ಭಾಗ ಬೇಕಾದರೆ ಕತ್ತರಿಸಿ, ಹಲಗೆ ಬದಲಿಸುವ ಭಾಗ ಉಳಿಸಿ.

ಮೊದಲು ಹೇಳಿದೆನಲ್ಲ, ಆ ಕೆರೆಯ ಸಿಮೆಂಟಿನ ಕಂಬಗಳೂ ಈಗ ಬಿರುಕು ಬಿಟ್ಟಿವೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಬರೆದ ತೊಗಟೆ ಹಪ್ಪಳದ ಹಾಗೆ ಏಳುತ್ತಿದೆ. ಹೊಸ ಎಸ್ಟಿಮೇಟ್ ಹಾಕುವ ಮಾತು ನಡೆಯುತ್ತಿದೆ ಅಂತ ಅದೇ ಹಳೆಯ ವಿದ್ಯಾರ್ಥಿ ಫೋನ್ ಮಾಡಿ ಹೇಳಿದ. ಅದನ್ನು ಬರೆಯುವವರು ಈ ಪತ್ರ ಓದಿದರೆ ಒಂದು ಮಾತು. ದೀಪಾವಳಿ ಕಳೆದ ಮೇಲೆ ನಾನು ಬಿಡುವಾಗಿದ್ದೇನೆ. ಬಂದ ದಿಮ್ಮಿ ಕುಟ್ಟಿ ನೋಡಿ ಹಸಿ ಯಾವುದು, ಬಿಳಿ ಯಾವುದು ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಡುತ್ತೇನೆ. ಸಂಬಳ ಬೇಡ, ಬಸ್ ಚಾರ್ಜ್ ಕೊಟ್ಟರೆ ಸಾಕು. ಈ ಸಲ ಸುಮ್ಮನಿರುವುದಿಲ್ಲ.

ಇತಿ,
ಒಬ್ಬ ನಿವೃತ್ತ ಬಡಗಿ ಮೇಷ್ಟ್ರು
ಸಾಗರ, ಶಿವಮೊಗ್ಗ ಜಿಲ್ಲೆ